ಜಗತ್ತಿನ ಅದ್ಭುತಗಳ ಫೋಟೋ: ಯಾವ ಜಾಗಕ್ಕೆ ಯಾವ ಹೊತ್ತು?

ಹೊಂಬಿಸಿಲು:
ಪ್ರವಾಸದ ಫೋಟೋ ಎಂದ ಕೂಡಲೇ ನಮ್ಮ ಮಾತು ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟಾಯ್ತು ಅನ್ನುವ ಕಡೆಗೇ ಹೊರಳುತ್ತದೆ. ಇಲ್ಲಿ ಅದನ್ನು ಬದಿಗಿಡೋಣ. ಜಗತ್ತಿನ ದೊಡ್ಡ ದೊಡ್ಡ ಅದ್ಭುತಗಳ ಚಿತ್ರಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವಂಥವನ್ನು ಬಿಡಿಸಿ ನೋಡಿದರೆ ನನಗೆ ಸಿಗುವ ಉತ್ತರ ಒಂದೇ. ತೆಗೆದವರಿಗೆ ಆ ಜಾಗದ ಹೊತ್ತು ಗೊತ್ತಿತ್ತು. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ, ನೀರು ಯಾವ ತಿಂಗಳು ಬರುತ್ತದೆ, ಮಂಜು ಎಷ್ಟೊತ್ತಿಗೆ ಕರಗುತ್ತದೆ, ಬಿಸಿಲು ಯಾವ ಮೂಲೆಯಿಂದ ಒಳಗೆ ಬರುತ್ತದೆ, ಇಷ್ಟು ತಿಳಿದವರ ಕೈಯಲ್ಲಿ ಸಾಧಾರಣ ಮೊಬೈಲ್ ಕೂಡ ಕೆಲಸ ಮಾಡುತ್ತದೆ.

ನಾನು ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನಿಂದ ಶುರು ಮಾಡುತ್ತೇನೆ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ 10,000 ಚದರ ಕಿ.ಮೀ.ಗೂ ಹೆಚ್ಚು ಹರಡಿಕೊಂಡ ಬಿಳಿ ನೆಲ ಅದು. ನಮ್ಮ ಇಡೀ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು. ಬಹಳ ಹಿಂದಿದ್ದ ಸರೋವರಗಳು ಬತ್ತಿ ಉಳಿದ ಉಪ್ಪು. ಅಷ್ಟು ವಿಸ್ತಾರದಲ್ಲಿ ನೆಲದ ಏರಿಳಿತ ಒಂದು ಮೀಟರಿನ ಆಸುಪಾಸು ಅಷ್ಟೇ. ಉಪಗ್ರಹಗಳ ಎತ್ತರ ಅಳೆಯುವ ಉಪಕರಣಗಳನ್ನು ಸರಿಹೊಂದಿಸಲು ವಿಜ್ಞಾನಿಗಳು ಈ ಬಯಲನ್ನೇ ಬಳಸುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆಗಾಲ. ಬಿದ್ದ ನೀರಿಗೆ ಹರಿದುಹೋಗಲು ಇಳಿಜಾರಿಲ್ಲ, ತೆಳ್ಳಗೆ ಹರಡಿ ನಿಂತುಬಿಡುತ್ತದೆ. ನಾವೆಲ್ಲ ನೋಡಿರುವ ಆ ಕನ್ನಡಿಯ ಚಿತ್ರಗಳು ಆ ಕೆಲವು ವಾರಗಳ ಫಲ. ಅದರಲ್ಲೂ ಗಾಳಿ ಏಳುವ ಮುಂಚೆ, ಬೆಳ್ಳಂಬೆಳಗ್ಗೆ. ಮಧ್ಯಾಹ್ನದ ಗಾಳಿಗೆ ನೀರು ನಿರಿಗೆ ಕಟ್ಟಿದರೆ ಮೋಡವೂ ಇಲ್ಲ, ಬೆಟ್ಟವೂ ಇಲ್ಲ.

ಮೇ ತಿಂಗಳಿನ ಮೇಲೆ ಹೋದರೆ ಕಾಣುವುದು ಬೇರೆಯದೇ ಲೋಕ. ನೀರು ಆರಿ ಉಪ್ಪು ಬಿರಿದು, ಕಣ್ಣು ಹಾಯುವಷ್ಟು ದೂರ ಆರು ಮೂಲೆಯ ಚೌಕಟ್ಟುಗಳು. ಅವುಗಳ ಅಂಚು ಬೆರಳಷ್ಟು ಎತ್ತರಕ್ಕೆ ಉಬ್ಬಿರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಆ ಅಂಚು ಫೋಟೋದಲ್ಲಿ ಕಾಣುವುದೇ ಇಲ್ಲ. ಇಳಿಹೊತ್ತಿನಲ್ಲಿ ಒಂದೊಂದು ಅಂಚಿಗೂ ನೀಲಿ ನೆರಳು ಬಿದ್ದು ನೆಲವೆಲ್ಲ ಎದ್ದು ಕಾಣುತ್ತದೆ.

ಹೋಗುವವರಿಗೆ ಎರಡು ಮಾತು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಎದುರಿಗಿರುವುದೆಲ್ಲ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಅದನ್ನು ನಂಬಿದರೆ ಅಷ್ಟು ಬೆಳ್ಳಗಿನ ಉಪ್ಪು ಬೂದಿ ಬಣ್ಣಕ್ಕೆ ಬರುತ್ತದೆ, ಒಂದು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು) ಬೆಳಕು ಏರಿಸಿಕೊಳ್ಳಿ. ಇನ್ನೊಂದು, ಉಪ್ಪುನೀರು ಆರಿದ ಮೇಲೆ ಪ್ಯಾಂಟಿನ ಅಂಚು ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಅದೇ ಉಪ್ಪು ಟ್ರೈಪಾಡಿನ ಕೀಲುಗಳಿಗೂ ಸೇರಿಕೊಳ್ಳುತ್ತದೆ. ಅವತ್ತೇ ರಾತ್ರಿ ಸಿಹಿನೀರಿನಲ್ಲಿ ತೊಳೆಯಲೇಬೇಕು.

ನಿಮಗೆ ಗೊತ್ತಿರುವ ಜಾಗಗಳ ಹೊತ್ತು ಹೇಳಿ.

ಸಾಗರದ ಸೊಸೆ:
ಒಳ್ಳೆ ವಿಷಯ ತೆಗೆದಿರಿ. ಜೋಗದ ಪಕ್ಕದಲ್ಲೇ ಬದುಕುವವಳಾಗಿ ಜಲಪಾತದ ಮಾತು ನಾನೇ ಆಡುತ್ತೇನೆ.

ಬೆಂಗಳೂರಿನ ನೆಂಟರು ಜುಲೈನಲ್ಲಿ ಜೋರು ಮಳೆ ಎಂಬ ಸುದ್ದಿ ಕೇಳಿ ಓಡಿ ಬರುತ್ತಾರೆ. ಬಂದು ನೋಡಿದರೆ ಬಿಳಿ ಪರದೆ. ಶಬ್ದ ಮಾತ್ರ ಕೇಳುತ್ತದೆ, ರಾಜಾನೂ ಇಲ್ಲ ರಾಣಿಯೂ ಇಲ್ಲ. 253 ಮೀಟರ್ ಎತ್ತರದಿಂದ ಅಷ್ಟು ನೀರು ಬಿದ್ದರೆ ಅದರ ಹನಿಯೇ ಮೇಲೆದ್ದು ಕಣಿವೆ ಮುಚ್ಚುತ್ತದೆ, ಮೇಲಿಂದ ಮಂಜು ಬೇರೆ. ಬೇಸಿಗೆಯಲ್ಲಿ ಬಂದರೆ ಬಂಡೆ ಕಾಣುತ್ತದೆ, ನೀರಿನ ಎಳೆ ಹುಡುಕಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ನೀರು ಎಷ್ಟು ಬೀಳಬೇಕು ಎನ್ನುವುದು ಮಳೆಯೊಂದರ ಕೈಯಲ್ಲಿಲ್ಲವಲ್ಲ. ನನ್ನ ಮಟ್ಟಿಗೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಸರಿ. ಮಳೆ ಹೊಳವಾದ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತಿರಬೇಕು. ಮಂಜು ಒಂದು ಕಡೆಯಿಂದ ಸರಿಯುತ್ತಾ ಮೊದಲು ರೋರರ್, ಆಮೇಲೆ ರಾಜಾ ಹೀಗೆ ತೆರೆದುಕೊಂಡು, ಐದು ನಿಮಿಷದಲ್ಲಿ ಮತ್ತೆ ಮುಚ್ಚುತ್ತದೆ. ಪೂರ್ತಿ ತೆರೆದಾಗಿನ ಚಿತ್ರಕ್ಕಿಂತ ಅರ್ಧ ತೆರೆದಾಗಿನದೇ ನನಗೆ ಇಷ್ಟ.

ಆಫ್ರಿಕಾದ ವಿಕ್ಟೋರಿಯಾ ಜಲಪಾತದ್ದೂ ಇದೇ ಕತೆ. ಅಗಲ ಸುಮಾರು 1,700 ಮೀಟರ್, ಎತ್ತರ 108 ಮೀಟರ್. ಏಪ್ರಿಲ್ ಸುಮಾರಿಗೆ ಜಾಂಬೆಜಿ ನದಿ ತುಂಬಿ ಬಂದಾಗ ಎದುರು ನಿಂತವರಿಗೆ ತುಂತುರು ಬಿಟ್ಟು ಏನೂ ಕಾಣದು. ಅಕ್ಟೋಬರ್, ನವೆಂಬರ್‌ನಲ್ಲಿ ಜಾಂಬಿಯಾ ಕಡೆಯ ಭಾಗ ಬಹುಪಾಲು ಒಣಗಿ ಬರೀ ಕಲ್ಲುಗೋಡೆ. ಅವೆರಡರ ನಡುವಿನ ತಿಂಗಳುಗಳಲ್ಲಿ ಹೋದವರ ಚಿತ್ರಗಳು ಚೆನ್ನಾಗಿರುತ್ತವೆ.

ಹೊಂಬಿಸಿಲು:
ಅಕ್ಕಾ, ವಿಕ್ಟೋರಿಯಾದಲ್ಲಿ ಬೆಳದಿಂಗಳ ಕಾಮನಬಿಲ್ಲು ಕಾಣುತ್ತದಂತಲ್ಲ? ಅದರ ಬಗ್ಗೆಯೂ ಹೇಳಿ.

ಸಾಗರದ ಸೊಸೆ:
ಹೌದು, ಹುಣ್ಣಿಮೆಯ ಆಚೀಚೆ ದಿನಗಳಲ್ಲಿ. ಅದಕ್ಕೆ ನೀರು ಹೆಚ್ಚಿರಬೇಕು, ಆಕಾಶ ಶುಭ್ರವಾಗಿರಬೇಕು, ಚಂದ್ರ ನಮ್ಮ ಬೆನ್ನ ಹಿಂದೆ ಇರಬೇಕು. ಕಾಮನಬಿಲ್ಲು ಬೆಳಕಿಗೆ ಎದುರು ದಿಕ್ಕಿನಲ್ಲಿ, ಸುಮಾರು 42 ಡಿಗ್ರಿ ಕೋನದಲ್ಲಿ ಮೂಡುವುದು. ಆದ್ದರಿಂದ ಚಂದ್ರ ತೀರಾ ಮೇಲೇರುವ ಮೊದಲೇ ನೋಡಬೇಕು. ಬರಿಗಣ್ಣಿಗೆ ಅದು ಹೆಚ್ಚುಕಡಿಮೆ ಬೆಳ್ಳಗೆ ಕಾಣುತ್ತದೆ, ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ. ಕ್ಯಾಮೆರಾದ ಬಾಗಿಲು ಹಲವು ಸೆಕೆಂಡು ತೆರೆದಿಟ್ಟರೆ ಏಳೂ ಬಣ್ಣ ಬರುತ್ತವೆ.

ಬೇ ಏರಿಯಾ ಕನ್ನಡಿಗ:
ಹೊತ್ತಿನ ಮಾತಿಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗಿಂತ ಉದಾಹರಣೆ ಬೇಕೆ? ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರಿನ ಕಡಿದಾದ ಬಂಡೆ. ಅದರ ಪೂರ್ವದ ಅಂಚಿನಲ್ಲಿ ಹಾರ್ಸ್‌ಟೇಲ್ ಎಂಬ ಸಣ್ಣ ಜಲಪಾತ. ಉಳಿದ ದಿನ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ಫೆಬ್ರುವರಿ ಮಧ್ಯದಿಂದ ಕೊನೆಯವರೆಗೆ ಮುಳುಗುವ ಸೂರ್ಯನ ಕಿರಣ ಕಣಿವೆಯ ಸಂದಿನಿಂದ ಬಂದು ಆ ನೀರಿನ ಮೇಲೆ ಮಾತ್ರ ಬೀಳುತ್ತದೆ. ಸುತ್ತಲಿನ ಬಂಡೆ ನೆರಳಿಗೆ ಹೋಗಿರುತ್ತದೆ, ನೀರು ಕೆಂಡದ ಧಾರೆ. ಹತ್ತು ನಿಮಿಷ, ಅಷ್ಟೇ. 1973ರಲ್ಲಿ ಗೇಲನ್ ರೋವೆಲ್ ತೆಗೆದ ಬಣ್ಣದ ಚಿತ್ರದಿಂದ ಇದು ಜಗತ್ತಿಗೆಲ್ಲ ಗೊತ್ತಾಯಿತು.

ಆ ಹತ್ತು ನಿಮಿಷಕ್ಕೆ ಎಲ್ಲವೂ ಕೂಡಿ ಬರಬೇಕು. ಮೇಲೆ ಹಿಮ ಬಿದ್ದಿರಬೇಕು, ಅದು ಕರಗಿ ನೀರಾಗುವಷ್ಟು ಬಿಸಿಲೂ ಆಗಿರಬೇಕು, ಪಡುವಣದಲ್ಲಿ ಒಂದು ತುಣುಕು ಮೋಡವೂ ಇರಬಾರದು. ಮಧ್ಯಾಹ್ನದಿಂದ ಕಾದ ಸಾವಿರಾರು ಜನ, ಕೊನೇ ಗಳಿಗೆಗೆ ಮೋಡ ಅಡ್ಡ ಬಂತೆಂದು ಟ್ರೈಪಾಡ್ ಮಡಚಿಕೊಂಡು ಹೋಗುವುದನ್ನು ನೋಡಿದ್ದೇನೆ. ಮರುದಿನ ಮತ್ತೆ ಅದೇ ಮುಖಗಳು ಅಲ್ಲೇ!

ಇದರ ಹಿಂದೆ ಇನ್ನೊಂದು ಚರಿತ್ರೆಯಿದೆ. ಅದೇ ಕಣಿವೆಯಲ್ಲಿ ಗ್ಲೇಸಿಯರ್ ಪಾಯಿಂಟ್ ಎಂಬ ಬೆಟ್ಟದ ತುದಿಯಿಂದ ಹಿಂದೆ ರಾತ್ರಿ ನಿಜವಾದ ಕೆಂಡವನ್ನೇ ಕೆಳಗೆ ತಳ್ಳುತ್ತಿದ್ದರು, ಪ್ರವಾಸಿಗರ ಮನರಂಜನೆಗೆ. ಅದಕ್ಕೆ ‘ಫೈರ್‌ಫಾಲ್’, ಅಂದರೆ ಬೆಂಕಿಯ ಜಲಪಾತ, ಎಂದು ಹೆಸರು. 1968ರಲ್ಲಿ ಅದನ್ನು ನಿಲ್ಲಿಸಿದರು. ಈಗ ಹಾರ್ಸ್‌ಟೇಲನ್ನು ಜನ ಅದೇ ಹೆಸರಿನಿಂದ ಕರೆಯುತ್ತಾರೆ.

ಮನುಷ್ಯ ಕಟ್ಟಿದ್ದರಲ್ಲಿ ಗೋಲ್ಡನ್ ಗೇಟ್ ಸೇತುವೆ. ಬೇಸಿಗೆ ಎಂದರೆ ನೀಲಿ ಆಕಾಶ ಸಿಗುತ್ತದೆ ಎಂದುಕೊಂಡು ಊರಿಂದ ಅಪ್ಪ ಅಮ್ಮಂದಿರು ಜುಲೈನಲ್ಲಿ ಬರುತ್ತಾರೆ. ಜುಲೈ, ಆಗಸ್ಟ್ ಇಲ್ಲಿ ಮಂಜಿನ ಕಾಲ. ಒಳನಾಡು ಕಾದು ಬಿಸಿಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ತಣ್ಣನೆಯ ಕಡಲಿನ ಗಾಳಿ ಸೇತುವೆ ಇರುವ ಕಿಂಡಿಯಿಂದಲೇ ನುಗ್ಗುತ್ತದೆ. ಕೆಳಗೆ ನಿಂತವರಿಗೆ ಏನೂ ಕಾಣದು. ಉತ್ತರದ ದಡದ ಗುಡ್ಡ ಹತ್ತಿದರೆ ಮಂಜು ಕಾಲಡಿಗೆ ಹೋಗಿ, 227 ಮೀಟರಿನ ಕೆಂಪು ಗೋಪುರಗಳ ತುದಿ ಮಾತ್ರ ಮೇಲೆ ಉಳಿದಿರುತ್ತದೆ. ಅಮ್ಮನಿಗೆ ಸ್ವೆಟರ್ ಹಾಕಿಸಿ ಆ ಗುಡ್ಡಕ್ಕೆ ಕರೆದುಕೊಂಡು ಹೋಗಿ.

ದುಬೈ ಉಡುಪಿ:
ನಮ್ಮಲ್ಲೂ ಹಾಗೇ ಮಾರ್ರೆ. ಬುರ್ಜ್ ಖಲೀಫಾದ 828 ಮೀಟರನ್ನು ಕೆಳಗಿನಿಂದ ಕತ್ತೆತ್ತಿ ತೆಗೆದ ಚಿತ್ರ ಎಲ್ಲರ ಮೊಬೈಲಲ್ಲೂ ಉಂಟು. ಮೋಡದ ಮೇಲೆ ಊರೇ ತೇಲಿದಂಥದ್ದು ಬೇಕಾದರೆ ಡಿಸೆಂಬರಿನಿಂದ ಫೆಬ್ರುವರಿ ಒಳಗೆ ಬೆಳಗಿನ ಜಾವ ಎತ್ತರದ ಮಹಡಿಯಲ್ಲಿ ಇರಬೇಕು. ಕಡಲಿನ ತೇವದ ಗಾಳಿ ರಾತ್ರಿ ಮರುಭೂಮಿಯ ಮೇಲೆ ತಣ್ಣಗಾಗಿ ಮಂಜು ಕಟ್ಟುತ್ತದೆ, ಬಿಸಿಲು ಏರಿದ ಕೂಡಲೇ ಹೋಯಿತು.

ಮೊಬೈಲ್ ಮಂಜು:
ನಾನು ಹೊಸಬಳು. ಮಾರ್ಚ್ ಮೂರನೇ ವಾರ ಕಾಂಬೋಡಿಯಾಕ್ಕೆ ಹೋಗುತ್ತಿದ್ದೇವೆ, ಅತ್ತೆ ಮಾವನೂ ಬರುತ್ತಾರೆ. ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಅಂಗ್ಕೋರ್ ವಾಟ್ ದೇವಸ್ಥಾನಕ್ಕೆ ಸೂರ್ಯೋದಯಕ್ಕೇ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಬೇಗ ವಯಸ್ಸಾದವರನ್ನು ಎಬ್ಬಿಸಬೇಕಾ?

ಕಲ್ಲುಬಂಡೆ:
ಮಂಜು ಮೇಡಂ, ನೀವು ಹೋಗುವ ವಾರ ಬಹಳ ಒಳ್ಳೆಯದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಂಗ್ಕೋರ್ ವಾಟ್ 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣು ದೇವಾಲಯ. ನಮ್ಮ ದೇವಸ್ಥಾನಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ. ಹಾಗಾಗಿ ಸೂರ್ಯ ಹುಟ್ಟುವುದು ಗೋಪುರಗಳ ಬೆನ್ನ ಹಿಂದೆ. ಬೆಳಗ್ಗೆ ನಿಮಗೆ ಸಿಗುವುದು ಕಪ್ಪು ಆಕೃತಿ ಮತ್ತು ಅದರ ಹಿಂದಿನ ಆಕಾಶದ ಬಣ್ಣ. ಕಲ್ಲಿನ ಕೆತ್ತನೆ ಸಿಗುವುದಿಲ್ಲ. ಒಳಗೆ ಹೋದ ಮೇಲೆ ಎಡಕ್ಕಿರುವ, ಅಂದರೆ ಉತ್ತರದ ಕೊಳದ ದಡದಲ್ಲಿ ಜನ ಸೇರುತ್ತಾರೆ. ಯಾಕೆಂದರೆ ನೇರ ಎದುರಿಗೆ ನಿಂತರೆ ಮೂರೇ ಗೋಪುರ ಕಾಣುತ್ತವೆ, ಹಿಂದಿನ ಎರಡು ಮುಂದಿನವುಗಳ ಹಿಂದೆ ಅಡಗುತ್ತವೆ. ಪಕ್ಕಕ್ಕೆ ಸರಿದರೆ ಐದೂ, ಜೊತೆಗೆ ನೀರಿನಲ್ಲಿ ಇನ್ನೈದು.

ಮಾರ್ಚ್ 21ರ ಆಸುಪಾಸಿನಲ್ಲಿ ಮಾತ್ರ ನೇರ ಎದುರಿನ ದಾರಿಗೇ ಬೆಲೆ. ಹಗಲು ರಾತ್ರಿ ಸಮವಾಗುವ ಆ ದಿನಗಳಲ್ಲಿ ಪಶ್ಚಿಮ ದ್ವಾರದ ಕಲ್ಲುಹಾದಿಯಲ್ಲಿ ನಿಂತರೆ ಸೂರ್ಯ ನಡುಗೋಪುರದ ತುದಿಯ ಮೇಲೆಯೇ ಕೂರುತ್ತಾನೆ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಇದಕ್ಕಾದರೂ ಅತ್ತೆ ಮಾವನನ್ನು ಎಬ್ಬಿಸಿ. ಮೊಬೈಲಿನಲ್ಲಿ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಕಡಿಮೆ ಮಾಡಿಕೊಳ್ಳಿ, ಗೋಪುರ ಕಪ್ಪಗೇ ಇರಲಿ.

ಸೂರ್ಯ ಮೇಲೆ ಬಂದ ಕೂಡಲೇ ಜನ ತಿಂಡಿಗೆ ಹೊರಡುತ್ತಾರೆ. ನೀವು ಆಗ ಒಳಗೆ ನಡೆಯಿರಿ, ಪೂರ್ವದ ಪಡಸಾಲೆಗೆ. ಸುಮಾರು 49 ಮೀಟರ್ ಉದ್ದದ ಗೋಡೆಯಲ್ಲಿ ಸಮುದ್ರಮಥನ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಹಗ್ಗವಾಗಿ ವಾಸುಕಿ. ಎಳೆಬಿಸಿಲು ಕಂಬಗಳ ಸಾಲಿನಿಂದ ಒಳಗೆ ಬರುವಾಗ ಹಾವನ್ನು ಹಿಡಿದ ಒಂದೊಂದು ಮುಷ್ಟಿಯ ಬೆರಳೂ ಬೇರೆಬೇರೆಯಾಗಿ ಕಾಣುತ್ತದೆ. ಕಲ್ಲು ಅಷ್ಟು ನುಣುಪಾಗಿದೆ. ಕತೆ ಗೊತ್ತಿರುವ ನಿಮ್ಮ ಅತ್ತೆ ಮಾವ ಅಲ್ಲಿ ನಿಂತು ನೋಡುವುದನ್ನು ಪಕ್ಕದಿಂದ ತೆಗೆಯಿರಿ. ಗೋಡೆ ಎಷ್ಟು ದೊಡ್ಡದು ಎನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಬಿಸಿಲಿಗೆ ಕೋಣೆಗೆ ಹೋಗಿ ಮಲಗಿ, ನಾಲ್ಕರ ಹೊತ್ತಿಗೆ ಮತ್ತೆ ಬನ್ನಿ. ಆಗ ಪಡುವಣ ಬಿಸಿಲು ನೇರ ಮುಖದ ಮೇಲೆ. ಮೋಡ ಕವಿದ ದಿನವನ್ನು ಮರದ ಬೇರು ಗೋಡೆಗಳನ್ನು ತಬ್ಬಿರುವ ತಾ ಪ್ರೋಮ್‌ಗೆ ಇಟ್ಟುಕೊಳ್ಳಿ. ಬಿಸಿಲಿದ್ದರೆ ಅಲ್ಲಿ ಎಲೆಯ ನೆರಳು ಚುಕ್ಕೆಚುಕ್ಕೆಯಾಗಿ ಬಿದ್ದು ಚಿತ್ರ ಕೆಡುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಇಲ್ಲದಿದ್ದರೆ ಅಂಗ್ಕೋರ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ.

ಮೊಬೈಲ್ ಮಂಜು:
ಅಯ್ಯೋ, ಇಷ್ಟು ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ ಸರ್. ಮಾವನಿಗೆ ಓದಿ ಹೇಳಿದೆ, ಸಮುದ್ರಮಥನಕ್ಕೇ ಅರ್ಧ ದಿನ ಬೇಕು ಅಂತಿದ್ದಾರೆ.

ಗವಿಪುರ:
ಸೂರ್ಯನ ಲೆಕ್ಕ ಇಟ್ಟು ಕಟ್ಟಿದ್ದು ಅಂದಾಗ ಈಜಿಪ್ಟಿನ ಅಬು ಸಿಂಬೆಲ್ ಬಿಡಬಾರದು. ಎರಡನೇ ರಾಮ್ಸೆಸ್ ಬೆಟ್ಟ ಕೊರೆಸಿ ಮಾಡಿಸಿದ ಗುಡಿ, ಬಾಗಿಲಲ್ಲಿ ಸುಮಾರು 20 ಮೀಟರ್ ಎತ್ತರದ ನಾಲ್ಕು ಕೂತ ಮೂರ್ತಿಗಳು. ವರ್ಷದಲ್ಲಿ ಎರಡು ಸಲ, ಫೆಬ್ರುವರಿ 22 ಮತ್ತು ಅಕ್ಟೋಬರ್ 22ರ ಸುಮಾರಿಗೆ, ಬೆಳಗಿನ ಕಿರಣ ಸುಮಾರು 60 ಮೀಟರ್ ಒಳಗೆ ಹೋಗಿ ಗರ್ಭಗುಡಿಯ ಮೂರ್ತಿಗಳ ಮೇಲೆ ಬೀಳುತ್ತದೆ. ಅಲ್ಲಿರುವ ನಾಲ್ವರಲ್ಲಿ ಪ್ತಾ ದೇವರು ಬಹುಮಟ್ಟಿಗೆ ಕತ್ತಲಲ್ಲೇ ಉಳಿಯುತ್ತಾನೆ. ಆಸ್ವಾನ್ ಅಣೆಕಟ್ಟಿನ ನೀರಿಗೆ ಇಡೀ ಗುಡಿ ಮುಳುಗುವುದಿತ್ತು. 1964ರಿಂದ 1968ರವರೆಗೆ ಯುನೆಸ್ಕೋ ಮುಂದಾಳತ್ವದಲ್ಲಿ ಬೆಟ್ಟವನ್ನೇ ತುಂಡು ತುಂಡಾಗಿ ಕತ್ತರಿಸಿ ಸುಮಾರು 65 ಮೀಟರ್ ಮೇಲೆ ಜೋಡಿಸಿದರು, ಕಿರಣ ಬೀಳುವ ಲೆಕ್ಕವನ್ನೂ ಕಾಪಾಡಿಕೊಂಡು. ಅದನ್ನು ಓದಿದಾಗಲೆಲ್ಲ ಆ ಎಂಜಿನಿಯರುಗಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದನ್ನು ನೋಡಿ ಬೆಳೆದವನು ನಾನು. ಅಬು ಸಿಂಬೆಲ್ ಚಿತ್ರ ಮೊದಲ ಸಲ ನೋಡಿದಾಗ ಹೊರದೇಶದ್ದು ಅನ್ನಿಸಲೇ ಇಲ್ಲ.

ಹೊಸಪೇಟೆಯವ:
ಹಂಪಿ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಮಾತಂಗ ಬೆಟ್ಟದಿಂದ ಸೂರ್ಯೋದಯ, ಹೇಮಕೂಟದಿಂದ ಸೂರ್ಯಾಸ್ತ ಎನ್ನುವುದು ಎಲ್ಲರಿಗೂ ಗೊತ್ತು. ಮಾತಂಗದ ಮೇಲೆ ನಿಂತವರು ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿಯುತ್ತಾರೆ. ಹಿಂದಕ್ಕೆ ತಿರುಗಿ ಸ್ವಾಮಿ! ವಿರೂಪಾಕ್ಷನ ಗೋಪುರ, ಬಂಡೆಗಳು, ಬಾಳೆತೋಟ ಎಲ್ಲದರ ಮೇಲೆ ಹೊಂಬಿಸಿಲು ಬಿದ್ದಿರುತ್ತದೆ.

ಎರಡು ಸಂಗತಿ ಹೇಳಲೇಬೇಕು. ವಿರೂಪಾಕ್ಷ ಗುಡಿಯೊಳಗೆ ಒಂದು ಕತ್ತಲೆ ಕೋಣೆಯಿದೆ. ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾ ಕೆಲಸ ಮಾಡುವುದು ಇದೇ ತತ್ವದಿಂದ. ಫೋಟೋಗ್ರಫಿ ಹುಟ್ಟುವ ಎಷ್ಟೋ ಮೊದಲೇ ಆ ಗೋಡೆಯ ಮೇಲೆ ಚಿತ್ರ ಮೂಡುತ್ತಿತ್ತು.

ಇನ್ನೊಂದು, ಬ್ರಿಟಿಷ್ ಸೈನ್ಯಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳು. ಮೇಣ ಸವರಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳು. ಕ್ಯಾಮೆರಾವೇ ಪೆಟ್ಟಿಗೆಯಷ್ಟು ದೊಡ್ಡದಿರಬೇಕು, ಈ ಬಂಡೆಗಳ ನಡುವೆ ಹೊತ್ತು ತಿರುಗಿದ್ದಾರೆ. ವಿಠ್ಠಲ ಗುಡಿಯ ಕಲ್ಲಿನ ರಥ ನಿಮಗೆಲ್ಲ 50 ರೂಪಾಯಿ ನೋಟಿನಿಂದ ಪರಿಚಯ. ಗ್ರೀನ್‌ಲಾ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರ ಇನ್ನೂ ಇದೆ. ಈಗ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಮಂಟಪ ಉಳಿಯಿತು ಎಲ್ಲ ಕಾಣುತ್ತದೆ. ಹೊತ್ತು ಅಂದರೆ ಬೆಳಗ್ಗೆ ಸಂಜೆ ಮಾತ್ರ ಅಲ್ಲ ಅಂತ ನನಗೆ ಹೊಳೆದದ್ದು ಆ ಚಿತ್ರಗಳಿಂದ.

ಹೊಂಬಿಸಿಲು:
ಗ್ರೀನ್‌ಲಾ ಮಾತು ತೆಗೆದದ್ದಕ್ಕೆ ಥ್ಯಾಂಕ್ಸ್. ಈ ಚರ್ಚೆಯಲ್ಲಿ ನಾನು ಎಣಿಸಿರದ ಮಾತು ಅದು.

ಬಯಲುಸೀಮೆ:
ಎಲ್ಲ ಸರಿ, ಆದರೆ ನನ್ನದೊಂದು ತಕರಾರು. ಈಗ ಯಾರೂ ಹೊತ್ತಿಗೆ ಕಾಯುವುದಿಲ್ಲ. ಮಧ್ಯಾಹ್ನ ತೆಗೆದ ಚಿತ್ರಕ್ಕೆ ಸಂಜೆಯ ಆಕಾಶ ಅಂಟಿಸುತ್ತಾರೆ, ನೀರಿಲ್ಲದ ಕಡೆ ಕನ್ನಡಿ ಹಾಕುತ್ತಾರೆ. ನೋಡುವವನಿಗೆ ಗೊತ್ತಾಗುವುದಾದರೂ ಹೇಗೆ? ಹಿಂದಿನವರೂ ಶುದ್ಧರೇನಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರುವರಿ ಮುಖಪುಟಕ್ಕೆ ಹೊಂದಲಿ ಎಂದು ಗೀಜಾದ ಪಿರಮಿಡ್ಡುಗಳನ್ನೇ ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿತ್ತು.

ಬೇ ಏರಿಯಾ ಕನ್ನಡಿಗ:
ಅದು ದೊಡ್ಡ ಗಲಾಟೆಯೇ ಆಗಿತ್ತು. ಆದರೆ ಎಲ್ಲ ತಿದ್ದುವಿಕೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ತೆಗೆಯುವಾಗ ಮೊದಲು ಹಳದಿ ಫಿಲ್ಟರ್ ಹಾಕಿದರು. ಮನಸ್ಸಿನಲ್ಲಿದ್ದ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಅನ್ನಿಸಿ ಕಡುಗೆಂಪು ಫಿಲ್ಟರ್ ಹಾಕಿ ಇನ್ನೊಂದು ತೆಗೆದರು. ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ಅವರು ಬೆಳಕನ್ನು ಹದ ಮಾಡಿದರು, ಬಂಡೆಯನ್ನು ಜಾಗ ಬಿಟ್ಟು ಕದಲಿಸಲಿಲ್ಲ. ಆ ಗೆರೆ ನನಗೆ ಮುಖ್ಯ.

ಹೊಂಬಿಸಿಲು:
ಬಯಲುಸೀಮೆ ಅವರೇ, ಗೊತ್ತಾಗುವುದು ಹೇಗೆ ಅಂದಿರಲ್ಲ, ಜಾಗದ ಹೊತ್ತು ತಿಳಿದಿದ್ದರೆ ಸುಳ್ಳು ಚಿತ್ರ ತಾನಾಗಿ ಸಿಕ್ಕಿಬೀಳುತ್ತದೆ. ಉಯುನಿಯ ಕನ್ನಡಿನೀರಿನ ಮೇಲೆ ಆಕಾಶಗಂಗೆಯ ದಟ್ಟವಾದ ನಡುಭಾಗ ಹೊಳೆಯುವ ಚಿತ್ರವನ್ನು ‘ಜನವರಿ ಮೊದಲ ವಾರದಲ್ಲಿ ತೆಗೆದದ್ದು’ ಎಂದು ಹಾಕಿದರೆ ನಂಬಬೇಡಿ. ಆಕಾಶಗಂಗೆಯ ಆ ಭಾಗ ಇರುವುದು ಧನು ರಾಶಿಯ ಕಡೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ಹಗಲಿನ ಆಕಾಶದಲ್ಲಿರುವುದು ರಾತ್ರಿ ಕಾಣುವುದು ಹೇಗೆ? ಮಾರ್ಚ್, ಏಪ್ರಿಲ್ ಆರಂಭದ ಬೆಳಗಿನ ಜಾವ, ನೀರು ಇನ್ನೂ ಉಳಿದಿದ್ದರೆ, ಎರಡೂ ನಿಜವಾಗಿ ಒಟ್ಟಿಗೆ ಸಿಗುತ್ತವೆ. ಅಂಥ ಚಿತ್ರ ತೆಗೆದವರಿಗೆ ನನ್ನ ನಮಸ್ಕಾರ, ಆ ಎತ್ತರದಲ್ಲಿ ಆ ಹೊತ್ತಿನ ಚಳಿಗೆ ಬೆರಳು ಮಡಚಲು ಬರುವುದಿಲ್ಲ.

ನಾರ್ವೆ ಕನ್ನಡತಿ:
ಇದಕ್ಕೆ ಪೂರಕವಾಗಿ ಒಂದು ಮಾತು. ಇಲ್ಲಿಗೆ ಧ್ರುವಪ್ರಭೆ ನೋಡಲು ಬರುವ ನಮ್ಮವರು ಮೊದಲ ಸಲ ಬೇಜಾರು ಮಾಡಿಕೊಳ್ಳುತ್ತಾರೆ, ‘ಫೋಟೋದಲ್ಲಿ ಅಷ್ಟು ಹಸಿರು ಇತ್ತಲ್ಲ’ ಎಂದು. ಮಂದವಾಗಿದ್ದಾಗ ಕಣ್ಣಿಗೆ ಬೂದು ಮೋಡದ ಹಾಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಹಸಿರಾಗಿ. ಜೋಗದ ಅಕ್ಕ ಬೆಳದಿಂಗಳ ಬಿಲ್ಲಿಗೆ ಹೇಳಿದ ಕಾರಣವೇ. ಅದು ಸುಳ್ಳಲ್ಲ. ಆದರೆ ಜೋರಾಗಿ ಬಂದ ರಾತ್ರಿ ಕಣ್ಣಿಗೂ ಹಸಿರು, ಅಂಚಿನಲ್ಲಿ ನೇರಳೆ, ಕುಣಿಯುತ್ತದೆ. ಆಗ ಸೆಕೆಂಡುಗಟ್ಟಲೆ ತೆರೆದಿಟ್ಟರೆ ಎಲ್ಲ ಕಲಸಿಹೋಗುತ್ತದೆ, ಸಮಯ ಕಡಿಮೆ ಮಾಡಬೇಕು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬನ್ನಿ. ಬೇಸಿಗೆಯಲ್ಲಿ ಇಲ್ಲಿ ಕತ್ತಲೆಯೇ ಆಗುವುದಿಲ್ಲ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳಿಗೂ ಕೆಂಪು ಪ್ರಭೆ ಸಿಕ್ಕಿತ್ತು!

ಬಯಲುಸೀಮೆ:
ಧನು ರಾಶಿಯ ಲೆಕ್ಕ ಹಿಡಿಸಿತು. ಇನ್ನೊಂದು ಪ್ರಶ್ನೆ. ಈ ಹೊತ್ತುಗಳನ್ನೆಲ್ಲ ಹೀಗೆ ಹೇಳಿಕೊಂಡರೆ ಎಲ್ಲರೂ ಅದೇ ಹತ್ತು ನಿಮಿಷಕ್ಕೆ ನುಗ್ಗುವುದಿಲ್ಲವೇ? ಫೋಟೋದಿಂದಲೇ ಎಷ್ಟೋ ಜಾಗ ಹಾಳಾಯಿತು.

ಬೇ ಏರಿಯಾ ಕನ್ನಡಿಗ:
ಹಾರ್ಸ್‌ಟೇಲ್ ನೋಡಲು ಬಂದವರು ನದಿಯ ದಡ, ಗಿಡಗಂಟಿ ತುಳಿದು ಕೆಲವು ಭಾಗಗಳನ್ನು ಮುಚ್ಚಬೇಕಾದದ್ದು ನಿಜ. ಫೆಬ್ರುವರಿಯ ಆ ದಿನಗಳಿಗೆ ಕೆಲವು ವರ್ಷ ಮುಂಗಡ ಪರವಾನಗಿಯನ್ನೂ ಮಾಡಿದ್ದರು. ಆದರೆ ಇದೇ ಯೊಸೆಮಿಟಿ ಉಳಿದದ್ದರಲ್ಲಿ ಫೋಟೋಗಳ ಪಾಲೂ ಇದೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ದೊಡ್ಡ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗಿ ತೆಗೆದ ಚಿತ್ರಗಳು ವಾಷಿಂಗ್ಟನ್ ಮುಟ್ಟಿದವು. 1864ರಲ್ಲಿ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾಯ್ದೆಗೆ ಸಹಿ ಹಾಕಿದರು. ಯೆಲ್ಲೋಸ್ಟೋನ್ ಕೂಡ ಹಾಗೆ. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ತೆಗೆದರು, 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಗೆ ಕಾಲಿಡದ ಶಾಸಕರಿಗೆ ಜಾಗ ಕಾಣಿಸಿದ್ದು ಚಿತ್ರದಲ್ಲಿ.

ಹೊಸಪೇಟೆಯವ:
ನನ್ನ ಅಭಿಪ್ರಾಯದಲ್ಲಿ ಹೊತ್ತು ಹೇಳಬೇಕು, ಜೊತೆಗೆ ಎಲ್ಲಿ ಹತ್ತಬಾರದು ಅಂತಲೂ ಹೇಳಬೇಕು. ಕಲ್ಲಿನ ರಥದ ಸುತ್ತ ತಡೆ ಹಾಕಿದ್ದು ಜನ ಚಕ್ರ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು ಅಂತಲೇ. ತಡೆಯ ಆಚೆಯಿಂದ ತೆಗೆದರೂ ರಥ ಪೂರ್ತಿ ಬರುತ್ತದೆ. ಡ್ರೋನ್ ಅನುಮತಿ ಇಲ್ಲದೆ ಹಾರಿಸಬೇಡಿ.

ವಿಜಯಪುರದಾಂವ:
ಎಲ್ಲಾರೂ ದೇಶ ದೇಶ ಸುತ್ತಿ ಬಂದ್ರಿ, ನಮ್ಮ ಗೋಳಗುಮ್ಮಟದ್ದೂ ಒಂದು ಮಾತು ಕೇಳ್ರಿ. 1656ರಾಗ ಮುಗದದ್ದು, ಹೊರಗಿನ ಅಳತಿ ಹಿಡದ್ರ ಗುಮ್ಮಟದ ಅಗಲ ಸುಮಾರು 44 ಮೀಟರ್. ಬಾಗಲಾ ದಕ್ಷಿಣಕ್ಕ ಐತಿ. ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರತಾನ, ಹಂಗಾಗಿ ನವೆಂಬರಿನಿಂದ ಜನವರಿತನಕ ಮುಂಜಾನೆ ಬಿಸಲು ಅಡ್ಡಡ್ಡ ಬಿದ್ದು ಮುಂದಿನ ಗ್ವಾಡಿ ಮ್ಯಾಲಿನ ಕಮಾನ, ಕೆತ್ತನಿ ಎಲ್ಲಾ ಎದ್ದು ಕಾಣತೈತಿ. ಬ್ಯಾಸಗ್ಯಾಗ ಬಂದ್ರ ಸೂರ್ಯ ನೆತ್ತಿ ಮ್ಯಾಲೆ, ಗ್ವಾಡಿ ಸಪ್ಪಗ. ಬಾಗಲಾ ತೆಗದ ಕೂಡಲೇ ಒಳಗ ಹೋಗ್ರಿ. ಶಾಳಿ ಹುಡುಗ್ರು ಬಂದು ಕೂಗಾಕ ಹತ್ತೂದರೊಳಗ ಮ್ಯಾಲಿನ ಗ್ಯಾಲರಿ ಹತ್ತಿ ಕೆಳಗ ನೋಡಿ ತೆಗೀರಿ, ಗೋರಿ ಕಟ್ಟಿ ಪಕ್ಕ ಒಬ್ಬರನ್ನ ನಿಲ್ಲಸ್ರಿ. ಆ ಒಬ್ಬ ಮನಷ್ಯಾ ಇರದಿದ್ರ ಗುಮ್ಮಟ ಎಷ್ಟು ದೊಡ್ಡದು ಅಂತ ಯಾರಿಗೂ ತಿಳಿಯೂದಿಲ್ಲ.

ಬಯಲುಸೀಮೆ:
ಗುಮ್ಮಟದ ಹಿಂದೆ ಅದರಷ್ಟೇ ದೊಡ್ಡ ಚಂದ್ರ ಇರುವ ಚಿತ್ರ ಒಂದು ಓಡಾಡುತ್ತಿದೆ. ಅದು ಅಂಟಿಸಿದ್ದು ಅಲ್ಲವೇ?

ಕಲ್ಲುಬಂಡೆ:
ನಿಜವಾಗಿಯೂ ತೆಗೆಯಬಹುದು ಸರ್. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. 44 ಮೀಟರಿನ ಗುಮ್ಮಟವೂ ಅರ್ಧ ಡಿಗ್ರಿಯಷ್ಟೇ ಕಾಣಬೇಕಾದರೆ ಹತ್ತಿರ ಹತ್ತಿರ 5 ಕಿ.ಮೀ. ದೂರ ನಿಲ್ಲಬೇಕು. ಅಲ್ಲಿಂದ ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿಫೋಟೋ ಲೆನ್ಸಿನಲ್ಲಿ ತೆಗೆದರೆ ಎರಡೂ ಸಮ. ಗುಮ್ಮಟದ ಅಂಗಳದಲ್ಲೇ ನಿಂತು ತೆಗೆದಂತಿದ್ದು, ಮುಂದಿನ ಹುಲ್ಲು, ದಾರಿ ಎಲ್ಲ ದೊಡ್ಡದಾಗಿ ಕಂಡರೆ ಅದು ಅಂಟಿಸಿದ್ದೇ.

ವಿಜಯಪುರದಾಂವ:
ಹುಣ್ಣಿಮಿ ಚಂದ್ರ ಸಂಜೀಕ ಮೂಡಣದಾಗ ಏಳತಾನ, ಗುಮ್ಮಟ ಇರೂದು ಊರಿನ ಪೂರ್ವಕ್ಕ. ಅಂದ್ರ ಊರಿನ ಪಶ್ಚಿಮದ ಕಡಿ, 5 ಕಿಲೋಮೀಟರ್ ದೂರದಾಗ, ನಡುವ ಮರಾ ಗಿಡಾ ಅಡ್ಡ ಬರದಂಥ ಎತ್ತರದ ಮಾಳಗಿ ಹುಡುಕಬೇಕು. ಚಂದ್ರ ಏಳೂ ಜಾಗ ತಿಂಗಳಾ ತಿಂಗಳಾ ಸರೀತೈತಿ, ಅದನ್ನ ಮೊದಲ ಲೆಕ್ಕ ಹಾಕ್ರಿ. ಯಾರು ಬರ್ತೀರಿ ಹೇಳ್ರಿ, ಮಾಳಗಿ ನಾ ನೋಡಿ ಇಡತೀನಿ.

ಬಯಲುಸೀಮೆ:
ನಾನು ಬರುತ್ತೇನೆ. ದೊಡ್ಡ ಲೆನ್ಸು ಗೆಳೆಯನ ಹತ್ತಿರ ಇದೆ, ಕೇಳಿ ತರುತ್ತೇನೆ.